ದೊಡ್ಡಪೇಟೆ ಮನೆಗೆ ಮತ್ತೆ ಸುಣ್ಣ

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933ರ ನಂತರ ಮೊದಲ ಸಲ. ಚಿತ್ರದುರ್ಗದ ಅರ್ಧ ಊರು ನೀರು ನೋಡೋಕೆ ಹಿರಿಯೂರಿನ ದಾರಿ ಹಿಡಿದಿತ್ತು. ನಾವು ಹೋಗಲಿಲ್ಲ. ಪಡಸಾಲೆಯಲ್ಲಿ ಮೂರು ಬಕೆಟ್ಟು, ಒಂದು ಕೊಳಗ ಇಟ್ಟುಕೊಂಡು ನಾನು, ಅಮ್ಮ ಸರದಿ ಮೇಲೆ ಎದ್ದು ನೀರು ಚೆಲ್ಲುತ್ತಿದ್ದೆವು.

ದೊಡ್ಡಪೇಟೆಯ ಈ ಮನೆ ಅಜ್ಜ ಕಟ್ಟಿಸಿದ್ದು. ಮೊಣಕಾಲೆತ್ತರದ ತನಕ ಕಾಡುಗಲ್ಲು, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ತೇಗದ ತೊಲೆ ಜಂತೆ, ಜಂತೆಯ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. ಏಪ್ರಿಲ್ ಬಿಸಿಲಲ್ಲಿ ಹೊರಗಿನಿಂದ ಬಂದು ಪಡಸಾಲೆಯಲ್ಲಿ ಕೂತರೆ ಮೈ ತಣ್ಣಗಾಗುತ್ತದೆ. ಕೆಡವಿ ಆರ್‌ಸಿಸಿ ಹಾಕಿಸಿ ಅಂತ ಹೇಳಿದವರು ಬಹಳ ಜನ. ನನಗೆ ಮನಸ್ಸು ಬರಲಿಲ್ಲ, ಈಗಲೂ ಇಲ್ಲ.

ನೀರು ಇಳಿದಿದ್ದು ಬೀದಿ ಕಡೆಯ ಗೋಡೆಗೆ. ಸುಮಾರು ಹನ್ನೆರಡು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಆ ಗೋಡೆಯ ಹಳೇ ಗಾರೆ ಕಿತ್ತು ಸಿಮೆಂಟ್ ಗಿಲಾವು ಮಾಡಿ, ಮೇಲೆ ಹೊಳೆಯುವ ಎಣ್ಣೆ ಬಣ್ಣ ಬಳಿದು ಹೋಗಿದ್ದ. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಬಣ್ಣ ಗುಳ್ಳೆ ಎದ್ದಿತು, ಗುಳ್ಳೆ ಒಡೆದಲ್ಲಿ ಬಿಳಿ ಉಪ್ಪು ಹೂ ಬಿಟ್ಟಂತೆ ಕಾಣಿಸಿತು. ಯುಗಾದಿಗೆ ಕೆರೆಯುವುದು, ಪುಟ್ಟಿ ಮೆತ್ತುವುದು, ಮತ್ತೆ ಬಳಿಯುವುದು. ನಾಲ್ಕು ಸಲ ಹೀಗೆ ದುಡ್ಡು ಸುರಿದಿದ್ದೇವೆ.

ಮಳೆ ನಿಂತ ಮೇಲೆ ನೆರೆಮನೆಯವರು ಒಬ್ಬ ಹಳೇ ಮೇಸ್ತ್ರಿಯನ್ನು ಕರೆತಂದರು. ವಯಸ್ಸು ಎಪ್ಪತ್ತು ದಾಟಿದೆ, ನಾನು ಅಜ್ಜ ಅಂತಲೇ ಕರೆಯುವುದು. ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟರು. ಒಳಗೆ ಟೊಳ್ಳು, ಖಾಲಿ ಡಬ್ಬ ಬಡಿದ ಸದ್ದು. "ಟೀಚರಮ್ಮಾ, ಮಣ್ಣಿನ ಗ್ವಾಡೆ ಉಸುರಾಡಬೇಕು. ಇದಕ್ಕೆ ರೈನ್‌ಕೋಟ್ ಹಾಕಿ ಗುಂಡಿ ಬಿಗಿದಾರೆ. ಒಳಗಿನ ನೀರು ಹೆಂಗೆ ಹೊರಗೆ ಹೋಗಬೇಕು?" ಅಂದರು. ಉಳಿಯಿಂದ ಒಂದು ಏಟು ಹಾಕಿದ್ದೇ ತಡ, ಚಪ್ಪಡಿಯಷ್ಟು ಗಿಲಾವು ಕಳಚಿ ಬಿತ್ತು. ಹಿಂದಿನ ಮಣ್ಣು ಹಿಡಿದರೆ ರೊಟ್ಟಿ ಹಿಟ್ಟಿನ ಹಾಗೆ ಬೆರಳಿಗೆ ಅಂಟಿತು. ಮಳೆ ನಿಂತು ಮೂರು ವಾರ ಆಗಿತ್ತು ಆಗ.

ಗೋಡೆ ಮುಟ್ಟುವ ಮೊದಲು ತಾರಸಿ ಅಂತ ಅವರ ಹಟ. ಹತ್ತಿ ನೋಡಿದರೆ ಕೈಪಿಡಿ ಗೋಡೆಯ ಬುಡದಲ್ಲಿ ಗೇಣುದ್ದದ ಅರಳಿ ಗಿಡ. ಪ್ರತಿ ವರ್ಷ ಅದನ್ನು ಮುರಿದು ಎಸೆದಿದ್ದು ನಾನೇ. ಬೇರು ಒಳಗೇ ದಪ್ಪವಾಗುತ್ತಾ ಗಾರೆಯನ್ನು ಸೀಳಿತ್ತು. ಎರಡು ಇಟ್ಟಿಗೆ ಬಿಚ್ಚಿ ಬೇರಿನ ಸಮೇತ ತೆಗೆಸಿದೆವು. ಮಳೆನೀರಿನ ದೋಣಿಯ ಬಾಯಿಗೆ ಎಲೆ ಕಟ್ಟಿ ನೀರು ಅಲ್ಲೇ ನಿಲ್ಲುತ್ತಿತ್ತು, ಅದನ್ನೂ ಬಿಡಿಸಿದ್ದಾಯಿತು. ಬಿರುಕುಗಳಿಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಮೆತ್ತಿದ ಮೇಲೆ ಮರದ ಕೊಡತಿಯಿಂದ ತಟ್ಟಿ ತಟ್ಟಿ ಬಿಗಿ ಮಾಡುತ್ತಿದ್ದರು. ಆ ಸದ್ದು ಚಿಕ್ಕವಳಿದ್ದಾಗ ಕೇಳಿದ್ದು ನೆನಪಿದೆ ಅಂತ ಅಮ್ಮ ಅಂಗಳದಲ್ಲಿ ನಿಂತೇ ಇದ್ದರು.

ಸಿಮೆಂಟ್ ಕಿತ್ತ ಗೋಡೆಯನ್ನು ಮೂರು ತಿಂಗಳು ಹಾಗೇ ಬಿಟ್ಟೆವು. ಬರಿಮೈಯ ಗೋಡೆ ಇಟ್ಟುಕೊಂಡು ದೀಪಾವಳಿ, ಸಂಕ್ರಾಂತಿ ಎರಡೂ ಕಳೆದವು. ಬಂದವರ ಮುಂದೆ ಅಮ್ಮನಿಗೆ ಸಂಕೋಚ. ಆದರೆ ಹಸಿ ಗೋಡೆಗೆ ಏನು ಮೆತ್ತಿದರೂ ನಿಲ್ಲುವುದಿಲ್ಲ. ಒಣಗಲು ಬಿಡುವುದೇ ಈ ಕೆಲಸದ ಮುಕ್ಕಾಲು ಪಾಲು.

ಸುಣ್ಣ ಅರಳಿಸಿದ ದಿನ ನಾನು ಶಾಲೆಗೆ ರಜೆ ಹಾಕಿದ್ದೆ. ಹಿತ್ತಿಲಲ್ಲಿ ಕಬ್ಬಿಣದ ಡ್ರಮ್ಮಿಗೆ ಅರ್ಧ ನೀರು ತುಂಬಿ, ಸುಟ್ಟ ಸುಣ್ಣದ ಹರಳುಗಳನ್ನು ಒಂದೊಂದೇ ಬಾಂಡ್ಲಿ ಹಾಕಿದರು. ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಮೊದಲು ಸದ್ದಿಲ್ಲ. ನಾಲ್ಕೈದು ನಿಮಿಷಕ್ಕೆ ಹರಳು ಬಿರಿದು, ತಳದಿಂದ ಕೊತಕೊತ ಅಂತ ಕುದಿ ಎದ್ದಿತು, ಬೆಂಕಿಯಿಲ್ಲದೆ ಹಬೆ. ಡ್ರಮ್ಮಿನ ಮೈ ಮುಟ್ಟಲಾಗುತ್ತಿರಲಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇಲ್ಲದೆ ಯಾರೂ ಹತ್ತಿರ ಹೋಗಬೇಡಿ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮಾಡಿ ಮುಚ್ಚಿಟ್ಟೆವು. ಮೂರು ವಾರಕ್ಕೆ ಬೆಣ್ಣೆಯಂತಾಗಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿಸಿ, ಅದು ಹಾಲಿನಂತಾಗುವುದನ್ನು ಮಕ್ಕಳಿಗೆ ಎಷ್ಟು ವರ್ಷದಿಂದ ತೋರಿಸಿದ್ದೇನೋ. ಗೋಡೆಯ ಮೇಲೆ ನಡೆಯುವುದೂ ಅದೇ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಪುಸ್ತಕದ ಆ ಒಂದು ಸಾಲಿನಿಂದ ನಮ್ಮ ಮನೆ ನಿಂತಿದೆ ಅನ್ನುವುದು ನನಗೆ ಆ ಡ್ರಮ್ಮಿನ ಮುಂದೆ ನಿಂತಾಗ ಹೊಳೆಯಿತು. ಮರುವಾರ ಎಂಟನೇ ತರಗತಿಯನ್ನೇ ಮನೆಗೆ ಕರೆತಂದೆ.

ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಇಲ್ಲಿ ನಮ್ಮೂರಿನ ಗಾಳಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ಇದು. ಗಾರೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿಚೀಲ ಇಳಿಬಿಟ್ಟು ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆವು. ಕೊನೆಗೆ ಸುಣ್ಣ. ಮಜ್ಜಿಗೆಯಷ್ಟು ತೆಳ್ಳಗೆ, ಗೋಡೆಯನ್ನು ಮೊದಲು ನೆನೆಸಿ, ಮೂರು ಕೈ. ಬಳಿದಾಗ ಏನೂ ಕಾಣುವುದಿಲ್ಲ, ನೀರು ಬಳಿದಂತೆ ಇರುತ್ತದೆ. ಗಾಬರಿಯಾಗಿ ದಪ್ಪಗೆ ಬಳಿದರೆ ಪುಡಿಪುಡಿಯಾಗಿ ಬಟ್ಟೆಗೆ ಹತ್ತುತ್ತದೆ. ಬೆಳಗಾದರೆ ಗೋಡೆ ತಾನೇ ಬೆಳ್ಳಗೆ ಬಂದಿರುತ್ತದೆ. ಕೆಳಗೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಕಾರಣೆಯನ್ನು, ಅಮ್ಮ ತಾವೇ ಎಳೆದರು, ದಾರ ಹಿಡಿಯದೆ.

ಉಳಿದವು ಸಣ್ಣ ಕೆಲಸ. ಮರದ ಪಟ್ಟಿಯ ಮೇಲೆ ಓಡುತ್ತಿದ್ದ ಹಳೇ ವೈರಿಂಗ್ ಪೂರ್ತಿ ತೆಗೆಸಿ, ಹೊಸ ಅರ್ಥಿಂಗ್ ಮಾಡಿಸಿ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿ ಆಂಪಿಯರ್‌ನ ಸ್ವಿಚ್ಚು, ಆರ್‌ಸಿಸಿಬಿ, ಹಾಕಿಸಿದೆ. ನೀರು ಇಳಿಯುವ ಮನೆಯಲ್ಲಿ ಇದರಲ್ಲಿ ಉಳಿತಾಯ ನೋಡಬೇಡಿ, ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ.

ಮುಂಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಉಜ್ಜುತ್ತಿತ್ತು. ಬಡಗಿ ಆಗಲೇ ಉಜ್ಜುಗೊರಡು ಹಿಡಿಯಲು ಹೊರಟಿದ್ದ, ನಾನು ಬೇಡವೆಂದೆ. ಮಳೆಯಲ್ಲಿ ಹೆರೆದರೆ ಬೇಸಿಗೆಗೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಫೆಬ್ರವರಿಯಲ್ಲಿ ಬಾಗಿಲಿನ ಅಂಚಿಗೆ ಸೀಮೆಸುಣ್ಣ ಗೀಚಿ ಮುಚ್ಚಿ ತೆಗೆದೆ. ಅಳಿಸಿದ ಜಾಗ ಒಂದೇ, ಮೇಲಿನ ಮೂಲೆಯಲ್ಲಿ ಅಂಗೈಯಷ್ಟು. ಅಷ್ಟನ್ನು ಉಪ್ಪುಕಾಗದದಲ್ಲಿ ನಾನೇ ಉಜ್ಜಿದೆ. ಐದು ಪದರ ಬಣ್ಣದ ಕೆಳಗೆ ತೇಗದ ಗೆರೆ ಕಂಡಿತು. ಮತ್ತೆ ಬಣ್ಣ ಹಚ್ಚಿಲ್ಲ, ಅಗಸೆ ಎಣ್ಣೆ ಒರೆಸುತ್ತೇನೆ.

ಆಮೇಲೆ ಎರಡು ಮಳೆಗಾಲ ಕಳೆದಿವೆ. ಬೀದಿ ಕಡೆಯ ಗೋಡೆ ಒಣಗಿಯೇ ಇದೆ. ಬಚ್ಚಲಮನೆಯ ಗೋಡೆಗೆ ಇನ್ನೂ ಅದೇ ಸಿಮೆಂಟಿದೆ, ಬಡಿದರೆ ಟೊಳ್ಳು ಸದ್ದು. ಹಿತ್ತಿಲ ಡ್ರಮ್ಮಿನಲ್ಲಿ ಹೋದ ವಾರವಷ್ಟೇ ಸುಣ್ಣ ನೆನೆ ಹಾಕಿದ್ದೇವೆ. ಮೇಸ್ತ್ರಿ ಅಜ್ಜನಿಗೆ ಈಗ ಏಣಿ ಹತ್ತಲಾಗುವುದಿಲ್ಲ. ಕುರ್ಚಿ ಹಾಕಿ ಕೂತು ಹೇಳಿಕೊಡ್ತೀನಿ ಅಂದಿದ್ದಾರೆ, ಈ ಸಲ ಕರಣೆ ನನ್ನ ಕೈಯಲ್ಲಿ.