ಅಜ್ಜಿಗೆ ಓದದೆ ಬಿಟ್ಟ ಸುದ್ದಿ

ಮಾವ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಳೆದ ಆಟಿ ತಿಂಗಳು, ಜುಲೈ 26. ಬೆಳಿಗ್ಗೆಯಿಂದ ಬಿಡದೆ ಮಳೆ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮೂರಿನ ಗ್ರಂಥಾಲಯ ಉಂಟು. ಮೂರು ಮಲಯಾಳ ಪೇಪರ್, ಎರಡು ಕನ್ನಡ ಪೇಪರ್, ನಾಲ್ಕು ಕಪಾಟು ಪುಸ್ತಕ, ಒಂದು ಕೇರಂ ಬೋರ್ಡು. ಅಲ್ಲಿ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮ ಇತ್ತು. ಊರಿನ ಮಾಜಿ ಸೈನಿಕರಿಗೆ ಶಾಲು, ಆಮೇಲೆ ಒಂದು ಭಾಷಣ, ಕೊನೆಗೆ ಚಾ ಮತ್ತು ಅವಲಕ್ಕಿ. ಶಾಲಿನ ಪಟ್ಟಿಯಲ್ಲಿ ಮಾವನ ಹೆಸರೂ ಇತ್ತು. "ನಾನು ಕಾರ್ಗಿಲ್‌ಗೆ ಹೋದವನಲ್ಲ, ನನಗೆ ಯಾಕೆ ಶಾಲು?" ಎಂದು ಬರಲು ಒಪ್ಪಿರಲಿಲ್ಲ. ಅಮ್ಮ ಫೋನ್ ಮಾಡಿ ಗದರಿದ ಮೇಲೆ ಹೊರಟರು. ಅಕ್ಕನ ಮಾತನ್ನು ಅವರು ಈಗಲೂ ಮೀರುವುದಿಲ್ಲ.

ಮಾವ ಸೇನೆಯಲ್ಲಿ ಗಾಡಿ ಓಡಿಸುತ್ತಿದ್ದರು. 1987ರಲ್ಲಿ ಅವರನ್ನು ಶ್ರೀಲಂಕಾಕ್ಕೆ ಕಳಿಸಿದರು. ಜಾಫ್ನಾದ ಹತ್ತಿರ ಪಲಾಲಿ ಎಂಬಲ್ಲಿ ವಿಮಾನ ನಿಲ್ದಾಣ ಇದೆ, ಅಲ್ಲಿದ್ದರು. ಇಷ್ಟು ಮಾತ್ರ ನಮಗೆ ಗೊತ್ತಿತ್ತು. ಹಬ್ಬಕ್ಕೆ ಸೇರಿದಾಗ ಮಕ್ಕಳು "ಯುದ್ಧದ ಕಥೆ ಹೇಳಿ" ಎಂದು ಹಿಂದೆ ಬಿದ್ದರೆ, ರಾಜಸ್ಥಾನದ ಒಂಟೆಯ ಕಥೆ ಹೇಳಿ ಎದ್ದು ಹೋಗುತ್ತಿದ್ದರು.

ಭಾಷಣಕ್ಕೆ ಬಂದದ್ದು ಒಬ್ಬ ಯುವ ಉಪನ್ಯಾಸಕರು. ಚೆನ್ನಾಗಿ ಓದಿಕೊಂಡವರು, ಚೆನ್ನಾಗಿಯೇ ಮಾತಾಡಿದರು. ತೋಲೋಲಿಂಗ್, ಟೈಗರ್ ಹಿಲ್, ಉಸಿರು ಸಿಗದ ಎತ್ತರದಲ್ಲಿ ರಾತ್ರಿ ಹತ್ತಿದ ಹುಡುಗರು, ಕೊನೆಗೆ ತೀರಿಕೊಂಡ 527 ಮಂದಿ. ಆ ಸಂಖ್ಯೆ ಹೇಳುವಾಗ ಅವರ ಗಂಟಲು ಕಟ್ಟಿತ್ತು. ನಮಗೂ ಹಾಗೇ ಆಯಿತು. ಆಮೇಲೆ ಅವರು ಒಂದು ಮಾತು ಸೇರಿಸಿದರು. "ಯುದ್ಧ ನಡೆಯುವಾಗ ಪ್ರಶ್ನೆ ಕೇಳಬಾರದು. ಎಷ್ಟು ಮುಂದೆ ಹೋದೆವು, ಎಷ್ಟು ಮಂದಿ ಸತ್ತರು, ಈ ದಾರಿ ಸರಿಯಾ ತಪ್ಪಾ ಎಂದೆಲ್ಲ ಕೇಳುವುದು ಮುಗಿದ ಮೇಲೆ. ಊರಿನಲ್ಲಿ ಕೂತು ಕೇಳಿದರೆ ಗಡಿಯಲ್ಲಿ ಬಂದೂಕು ಹಿಡಿದವನ ಕೈ ನಡುಗುತ್ತದೆ."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೊದಲು ಎದ್ದವರು ಬ್ಯಾಂಕಿನಲ್ಲಿದ್ದು ನಿವೃತ್ತರಾದ ಒಬ್ಬರು. ಮಡಿಕೇರಿಯಲ್ಲಿ ತುಂಬ ವರ್ಷ ಕೆಲಸ ಮಾಡಿದವರು, ತಿಮ್ಮಯ್ಯ ಎಂದರೆ ಅವರಿಗೆ ಪ್ರಾಣ. "ಮುಗಿದ ಮೇಲೆ ಕೇಳಿದ್ದಕ್ಕೆ ಯಾರು ಉತ್ತರ ಕೊಟ್ಟಿದ್ದಾರೆ?" ಎಂದು ಶುರುಮಾಡಿದರು. 1959ರಲ್ಲಿ ಜನರಲ್ ತಿಮ್ಮಯ್ಯ ಸೇನೆಯ ಮುಖ್ಯಸ್ಥ. ರಕ್ಷಣಾ ಮಂತ್ರಿ ನಮ್ಮ ಕೋಝಿಕ್ಕೋಡಿನ ಕೃಷ್ಣ ಮೆನನ್. ಇಬ್ಬರಿಗೂ ಆಗಲಿಲ್ಲ, ತಿಮ್ಮಯ್ಯ ರಾಜೀನಾಮೆ ಬರೆದರು. ನೆಹರೂ ಕರೆದು ಸಮಾಧಾನ ಮಾಡಿ ವಾಪಸು ತೆಗೆಸಿದರು, ಆಮೇಲೆ ಪಾರ್ಲಿಮೆಂಟಿನಲ್ಲಿ ಅವರದ್ದೇ ತಪ್ಪು ಎನ್ನುವ ಹಾಗೆ ಮಾತಾಡಿದರು. ಮೂರೇ ವರ್ಷ, 1962ರ ಅಕ್ಟೋಬರಿನಲ್ಲಿ ಚೀನಾ ಬಂತು. ಸೋತದ್ದು ಯಾಕೆ ಎಂದು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಅಧಿಕಾರಿಗಳು 1963ರಲ್ಲಿ ವರದಿ ಬರೆದರು. 2014ರಲ್ಲಿ ಹೊರಗಿನ ಒಬ್ಬ ಪತ್ರಕರ್ತ ಅದರ ಒಂದಷ್ಟು ಭಾಗವನ್ನು ಹೊರಗೆ ಹಾಕಿದ್ದು ಬಿಟ್ಟರೆ, ಯಾವ ಪಕ್ಷದ ಸರ್ಕಾರವೂ ಅದನ್ನು ಜನರ ಮುಂದೆ ಇಟ್ಟಿಲ್ಲ. "ಮುಗಿದ ಮೇಲೆ ಕೇಳಿ ಅಂತೀರಿ. ಮುಗಿದು ಅರುವತ್ತು ವರ್ಷ ಆಯ್ತಲ್ಲ ಮಾಷ್ಟ್ರೇ?"

ಉಪನ್ಯಾಸಕರು ತಬ್ಬಿಬ್ಬಾಗಲಿಲ್ಲ. ಕಾರ್ಗಿಲ್ ಮುಗಿದ ಮೂರೇ ದಿನಕ್ಕೆ ಎಲ್ಲಿ ಎಡವಿದೆವು ಎಂದು ನೋಡಲು ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಆಯಿತು, 2000ದ ಫೆಬ್ರವರಿಯಲ್ಲಿ ವರದಿ ಪಾರ್ಲಿಮೆಂಟಿಗೆ ಬಂತು, ಕೆಲವು ಭಾಗ ಮುಚ್ಚಿಟ್ಟರೂ ಉಳಿದದ್ದನ್ನು ಯಾರು ಬೇಕಾದರೂ ಓದಬಹುದು ಎಂದರು. ಅದೂ ನಿಜವೇ. ಬ್ಯಾಂಕಿನವರು ಬಿಡಲಿಲ್ಲ. 1962ರಲ್ಲಿ ಚೀನಾದ ಸೈನ್ಯ ಇನ್ನೂ ಒಳಗೆ ಇರುವಾಗಲೇ ಅಧಿವೇಶನ ಕರೆಯಿರಿ ಎಂದು ಯುವಕ ವಾಜಪೇಯಿ ಕೇಳಿದ್ದರು, ನೆಹರೂ ನವೆಂಬರ್ 8ಕ್ಕೆ ಕರೆದರು, ಬಾಗಿಲು ಮುಚ್ಚಿ ನಡೆಸಲೂ ಒಪ್ಪಲಿಲ್ಲ, ತಮಗೆ ಬೈದದ್ದನ್ನು ಕೂತು ಕೇಳಿದರು ಎಂದರು. ನನಗೆ ಅಲ್ಲಿ ಎದ್ದು ಒಂದು ಮಾತು ಹೇಳಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ. ಕಾರ್ಗಿಲ್ ಯುದ್ಧ ನಡೆದ 1999ರಲ್ಲಿ ಅದೇ ವಾಜಪೇಯಿ ಪ್ರಧಾನಿ. ಲೋಕಸಭೆ ವಿಸರ್ಜನೆ ಆಗಿತ್ತು, ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷದವರು ಕೇಳಿದರು. ಕರೆಯಲಿಲ್ಲ. ಕೇಳುವ ಜಾಗದಲ್ಲಿ ನಿಂತಾಗ ಒಂದು, ಉತ್ತರ ಕೊಡುವ ಜಾಗದಲ್ಲಿ ಕೂತಾಗ ಇನ್ನೊಂದು. ಇದು ಒಂದು ಪಕ್ಷದ ಕಾಯಿಲೆ ಅಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಮಾವ ಎದ್ದಿದ್ದರು. ಹೆಗಲ ಮೇಲೆ ಆಗಷ್ಟೇ ಹೊದೆಸಿದ ಶಾಲು. ಮೈಕ್ ಕೊಡಲು ಹೋದ ಹುಡುಗನಿಗೆ ಬೇಡ ಎಂದು ಕೈಮಾಡಿದರು. ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು, ಎಲ್ಲರೂ ಹಿಂದೆ ತಿರುಗಿ ಕಿವಿಗೊಡಬೇಕಾಯಿತು.

"ಮಾಷ್ಟ್ರೇ, ಕೈ ನಡುಗುತ್ತದೆ ಅಂದ್ರಲ್ಲ. ನನ್ನ ಕೈ ನಡುಗಿದ್ದುಂಟು. ಯಾಕೆ ಅಂತ ಹೇಳ್ತೇನೆ."

ಅವರು ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಅಲ್ಲಿನ ಒಳಯುದ್ಧ ನಿಲ್ಲಿಸಲು, ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಗೌರವ ವಂದನೆಯ ಸಾಲಿನಲ್ಲಿ ನಿಂತ ಒಬ್ಬ ಲಂಕಾ ನಾವಿಕ ಬಂದೂಕಿನ ಹಿಡಿಯಿಂದ ರಾಜೀವ್ ಅವರಿಗೆ ಹೊಡೆದ. ಅಲ್ಲಿನ ಸಿಟ್ಟು ಎಷ್ಟಿತ್ತು ಎಂದು ಅಲ್ಲೇ ಗೊತ್ತಾಗಬೇಕಿತ್ತು. ನಮ್ಮ ಸೈನ್ಯ ಹೋದದ್ದು ಶಾಂತಿ ಪಾಲನಾ ಪಡೆ ಎಂಬ ಹೆಸರಿನಲ್ಲಿ. ಅಲ್ಲಿನ ತಮಿಳರಿಗೆ ಬೇರೆ ದೇಶ ಬೇಕೆಂದು ಬಂದೂಕು ಹಿಡಿದಿದ್ದ ಎಲ್‌ಟಿಟಿಇಯವರು ಆಯುಧ ಒಪ್ಪಿಸುತ್ತಾರೆ, ಇವರು ಕಾವಲು ನಿಲ್ಲುವುದು, ಅಷ್ಟೇ ಎಂದು ಲೆಕ್ಕ. ಒಂದು ಕಾಲದಲ್ಲಿ ನಮ್ಮದೇ ನೆಲದಲ್ಲಿ ತರಬೇತಿ ಪಡೆದಿದ್ದವರು ಅವರು. ಅಕ್ಟೋಬರಿನಲ್ಲಿ ಅವರ ಜೊತೆಗೇ ಯುದ್ಧ ಶುರುವಾಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಸೈನಿಕರನ್ನು ಇಳಿಸಿದರು. ಎಲ್‌ಟಿಟಿಇಗೆ ಮೊದಲೇ ಸುಳಿವು ಸಿಕ್ಕಿತ್ತು. ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿ ಇಳಿದರು. 29 ಮಂದಿ ಸತ್ತರು, ಒಬ್ಬ ಸೆರೆ ಸಿಕ್ಕಿದ.

"ಆ ಹುಡುಗರಲ್ಲಿ ಕೆಲವರಿಗೆ ಸಂಜೆ ಪಲಾಲಿಯಲ್ಲಿ ನಾನೇ ಚಾ ಕೊಟ್ಟಿದ್ದೆ" ಎಂದರು ಮಾವ. "ಆಮೇಲೆ ದಿನಾ ಅದೇ. ಹೋಗುವಾಗ ಗಾಡಿಯಲ್ಲಿ ರೇಷನ್ನು. ಬರುವಾಗ ಗಾಯ ಆದವರು. ಕೆಲವು ಸಲ ಗಾಯ ಆದವರೂ ಅಲ್ಲ. ರಸ್ತೆ ಕೆಳಗೆ ಎಲ್ಲಿ ಮೈನ್ ಉಂಟು ಗೊತ್ತಿಲ್ಲ. ಸರಿಯಾದ ಮ್ಯಾಪೂ ಇರಲಿಲ್ಲ. ರಾತ್ರಿ ಟ್ರಾನ್ಸಿಸ್ಟರ್ ಹಾಕಿದ್ರೆ, ನಮ್ಮವರು ಮುಂದೆ ಹೋಗ್ತಿದ್ದಾರೆ, ಎಲ್ಲ ಹಿಡಿತದಲ್ಲಿ ಉಂಟು ಎನ್ನುವ ಹಾಗೆ ಸುದ್ದಿ. ನಾನು ಗಾಡಿ ತೊಳೆದು ಬಂದು ಕೂತಿರ್ತಿದ್ದೆ. ಆಗ ಕೈ ನಡುಗಿದ್ದು. ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲವಲ್ಲ, ಯಾರೂ ಕೇಳ್ತಾ ಇಲ್ಲವಲ್ಲ ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲಿನ ಜನರಿಗೆ ನಮ್ಮ ಕೈಯಿಂದ ಆದದ್ದೂ ಉಂಟು. ಅದನ್ನೂ ಹೇಳಬೇಕಲ್ವಾ? ಅದನ್ನು ಯಾರು ಹೇಳಿದ್ರು?"

ಅವರು ಅದಕ್ಕಿಂತ ಹೆಚ್ಚು ಬಿಡಿಸಲಿಲ್ಲ. ಆ ಅಕ್ಟೋಬರ್ 21 ಮತ್ತು 22ರಂದು ಜಾಫ್ನಾದ ಆಸ್ಪತ್ರೆಯೊಳಗೆ ಗುಂಡು ಹಾರಿ ಡಾಕ್ಟರು, ನರ್ಸು, ರೋಗಿಗಳು ಸೇರಿ ಹತ್ತಾರು ಜನ ಸತ್ತಿದ್ದರು ಎಂಬುದನ್ನು ನಾನು ತುಂಬ ತಡವಾಗಿ ಓದಿದೆ. ಮಾವನ ಹತ್ತಿರ ಅದರ ಬಗ್ಗೆ ಕೇಳಲು ಇಷ್ಟು ವರ್ಷ ಬಾಯಿ ಬಂದಿಲ್ಲ.

ಉಪನ್ಯಾಸಕರು ಮೃದುವಾಗಿಯೇ ಕೇಳಿದರು. "ಅಣ್ಣಾ, ಆಗ ನೀವು ಮನೆಗೆ ಕಾಗದ ಬರೀತಿದ್ರಲ್ಲ? ಇದೆಲ್ಲ ಬರೆದ್ರಾ?"

"ಇಲ್ಲ. ಸುಳ್ಳೇ ಬರೆದೆ. ಇಲ್ಲಿ ಯುದ್ಧ ಇಲ್ಲ, ಶಾಂತಿ ಪಡೆ, ಸಮುದ್ರ ನಮ್ಮ ಕುಂಬಳೆಯ ಹಾಗೇ ಉಂಟು, ತಾಳೆ ಮರ ಜಾಸ್ತಿ, ನಾನು ಸೌಖ್ಯ ಅಂತ."

"ಯಾಕೆ?"

"ಅಮ್ಮ ಹೆದರ್ತಾಳೆ ಅಂತ."

"ಹಾಗಾದ್ರೆ ಸರ್ಕಾರ ಮಾಡುವುದೂ ಅದನ್ನೇ ಅಲ್ವಾ ಅಣ್ಣಾ? ಜನ ಹೆದರಬಾರದು ಅಂತ."

ಸಭೆ ಪೂರ್ತಿ ಮೌನ. ಮಾತು ಗಟ್ಟಿಯಾಗಿತ್ತು, ಮಾವನೇ ಸಿಕ್ಕಿಬಿದ್ದರು ಅಂದುಕೊಂಡೆ. ಮಾವ ಶಾಲಿನ ಅಂಚನ್ನು ಹಿಡಿದು ಯೋಚನೆ ಮಾಡಿದರು. ಮತ್ತೆ ಹೇಳಿದರು.

"ನನ್ನ ಅಮ್ಮನಿಗೆ ಗೊತ್ತಾದ್ರೆ ಅವಳಿಗೆ ಏನು ಮಾಡ್ಲಿಕ್ಕೆ ಆಗ್ತಿತ್ತು? ಅಳ್ಲಿಕ್ಕೆ ಮಾತ್ರ. ಪಾರ್ಲಿಮೆಂಟಿಗೆ ಗೊತ್ತಾದ್ರೆ ಮಾಡ್ಲಿಕ್ಕೆ ಆಗ್ತದೆ. ಮ್ಯಾಪ್ ಕೊಡಿಸ್ಲಿಕ್ಕೆ ಆಗ್ತದೆ. ಹೀಗೆ ಬೇಡ, ಬೇರೆ ದಾರಿ ನೋಡಿ ಅನ್ಲಿಕ್ಕೆ ಆಗ್ತದೆ. ಮಕ್ಕಳನ್ನು ವಾಪಸ್ ಕರೀರಿ ಅನ್ಲಿಕ್ಕೆ ಆಗ್ತದೆ. ಕರೆದ್ರು, 90ರ ಮಾರ್ಚಿನಲ್ಲಿ. ಹನ್ನೊಂದು ನೂರಕ್ಕಿಂತ ಜಾಸ್ತಿ ಜನ ಹೋದ ಮೇಲೆ. ನಾವು ಮದ್ರಾಸಿನಲ್ಲಿ ಇಳಿಯುವಾಗ ಸ್ವಾಗತಕ್ಕೆ ಬರುವುದಿಲ್ಲ ಅಂತ ಅಲ್ಲಿನ ಮುಖ್ಯಮಂತ್ರಿಯೇ ಹೇಳಿದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರದ್ದು ಬರುವುದಿಲ್ಲ ಅಂತ ಮುಖಕ್ಕೆ ಹೇಳಿದ ಮಾತು. ಎಲ್ಲ ಸರಿ ಉಂಟು ಅಂತ ಹೇಳ್ತಾ ಇದ್ದವರ ಮೇಲೆ ಉಂಟು."

ಕೂತುಬಿಟ್ಟರು. ಚಪ್ಪಾಳೆ ಇಲ್ಲ. ಅಧ್ಯಕ್ಷತೆ ವಹಿಸಿದ್ದವರು ನಮ್ಮ ಕಡೆಯ ಹಿರಿಯ ತಾಳಮದ್ದಳೆ ಅರ್ಥಧಾರಿ. ಅವರ ಮಾತು ಚಿಕ್ಕದಾಗಿತ್ತು. ಸಂಜಯ ಧೃತರಾಷ್ಟ್ರನಿಗೆ ಯುದ್ಧದ ಸುದ್ದಿ ಹೇಗೆ ಹೇಳಿದ ನೆನಪು ಮಾಡಿಕೊಳ್ಳಿ ಎಂದರು. ಹತ್ತನೆಯ ದಿನ ರಣರಂಗದಿಂದ ಬಂದವನು ಮೊದಲು ಹೇಳಿದ್ದೇ ಭೀಷ್ಮ ಬಿದ್ದ ಎಂದು. ಆಮೇಲೆ ಮೊದಲ ದಿನದಿಂದ ಕಥೆ. "ಅಪ್ರಿಯವಾದದ್ದು ಮೊದಲು. ಹೇಳಿಸಿಕೊಂಡವನು ಕುರುಡ ರಾಜ, ಆದರೂ ಅವನು ಸಂಜಯನ ಬಾಯಿ ಮುಚ್ಚಿಸಲಿಲ್ಲ." ಅಷ್ಟು ಹೇಳಿ ಚಾ ಕುಡಿಯಲು ಕರೆದರು. ಉಪನ್ಯಾಸಕರು ತಾವೇ ಎರಡು ಲೋಟ ಚಾ ತಂದು ಮಾವನ ಪಕ್ಕ ಕೂತರು. ತುಂಬ ಹೊತ್ತು ಮಾತಾಡಿದರು. ಏನು ಎಂದು ನಾನು ಕೇಳಿಸಿಕೊಳ್ಳಲಿಲ್ಲ.

ನನಗೆ ಕೇಳಿಸುತ್ತಿದ್ದದ್ದು ಬೇರೆ. 1987ರಲ್ಲಿ ನನಗೆ ಹತ್ತು ವರ್ಷ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಪೇಪರನ್ನು ಸಂಜೆ ಅವಳಿಗೆ ಓದಿ ಹೇಳುವುದು ನನ್ನ ಕೆಲಸ. ಜಗಲಿಯಲ್ಲಿ ಮಡಿಲ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೇಳುತ್ತಿದ್ದಳು. ಅಮ್ಮ ನನ್ನನ್ನು ಒಳಗೆ ಕರೆದು ಹೇಳಿದ್ದಳು, "ಲಂಕೆಯದ್ದು ಮಾತ್ರ ಓದಬೇಡ." ಹಾಗಾಗಿ ನಾನು ಮಳೆ, ಚಿನ್ನದ ರೇಟು, ಯಾವ ಮೇಳದ ಆಟ ಎಲ್ಲಿ ಎಂಬುದನ್ನೆಲ್ಲ ಓದುತ್ತಿದ್ದೆ. ಕೊನೆಗೆ ಅಜ್ಜಿ ಕೇಳುತ್ತಿದ್ದಳು, "ಲಂಕೆಯದ್ದು ಎಂತ ಉಂಟು?" ನಾನು ಹೇಳುತ್ತಿದ್ದೆ, "ಎಂತದೂ ಇಲ್ಲ ಅಜ್ಜಿ." ಆ ಹೊತ್ತಿಗೆ ನನ್ನ ಬೆರಳು ಕೆಲವು ಸಲ ಸತ್ತವರ ಸಂಖ್ಯೆಯ ಮೇಲೆಯೇ ಇರುತ್ತಿತ್ತು.

ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ರಿಕ್ಷಾದಲ್ಲಿ ಮನೆಗೆ ಹೋಗುವಾಗ ಮಾವನಿಗೆ ಹೇಳಿದೆ. ನೀವು ಮಾತ್ರ ಅಲ್ಲ, ನಾನೂ ಅಂತ.

"ಗೊತ್ತುಂಟು ಮಾರಾಯ್ತಿ" ಎಂದರು.

"ಹೇಗೆ?"

"88ರಲ್ಲಿ ರಜೆಗೆ ಬಂದಾಗ ಅಮ್ಮನೇ ಹೇಳಿದ್ಲು. ಲಂಕೆಯದ್ದು ಬಂದ ಕೂಡಲೇ ಹುಡುಗಿ ಪುಟ ಮಗುಚ್ತಾಳೆ, ಅರ್ಧದಲ್ಲಿ ಮಗುಚಿದ ಸದ್ದು ಗೊತ್ತಾಗ್ತದೆ ಅಂತ. ಆ ಪೇಪರನ್ನು ತೆಗೆದಿಡ್ತಿದ್ಲಂತೆ. ಶನಿವಾರ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಹೋಗುವಾಗ ಅದರಲ್ಲೇ ಬೀಡಿ ಸುತ್ತಿ ತೆಗೊಂಡು ಹೋಗುವುದು. ಅಲ್ಲಿ ಲೆಕ್ಕ ಬರೆಯುವವರ ಹತ್ತಿರ ಓದಿಸುವುದು. ಎಲ್ಲ. ಒಂದೂ ಬಿಡದೆ."

ಮಳೆ ನೀರು ಒಳಗೆ ಹೊಡೆಯುತ್ತಿತ್ತು. ಮಾವ ರಿಕ್ಷಾದ ಪರದೆ ಎಳೆದು ಕೊಕ್ಕೆಗೆ ಸಿಕ್ಕಿಸಿದರು.

"ಮತ್ತೆ ಎಂತ ಮಾಡ್ತಿದ್ಲಂತೆ?" ಎಂದು ಕೇಳಿದೆ.

"ಎಂತ ಮಾಡುವುದು? ಎಲೆ, ಹೊಗೆಸೊಪ್ಪು, ನೂಲು ತೆಗೊಂಡು ಮನೆಗೆ ಬರ್ತಿದ್ಲು. ಅವಳಿಗೆ ಗೊತ್ತಾಗಿ ಎಂತ ಆಗ್ಲಿಕ್ಕುಂಟು ಅಂತ ನಾನು ಅಲ್ಲಿ ಹೇಳಿದೆ ನೋಡು, ಅದು ಸರಿ ಅಲ್ಲ. ಏನೂ ಮಾಡ್ಲಿಕ್ಕೆ ಆಗದಿದ್ರೂ ಅವಳಿಗೆ ಅದು ಬೇಕಿತ್ತು." ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು, "ನನ್ನ ಕಾಗದವನ್ನೂ ಅವರ ಹತ್ತಿರವೇ ಓದಿಸ್ತಿದ್ಲು. ಪೇಪರ್ ಓದಿದ ಮೇಲೆ."