ಮುತ್ತಜ್ಜಿಯ ಹೆಸರು ಖಾತೆ ವಹಿಯಲ್ಲಿತ್ತು

ನಮ್ಮ ಮನೆಯ ಹಿರಿಯರನ್ನು ಕೇಳಿದರೆ ಗಂಡಸರ ಹೆಸರು ಐದು ತಲೆಮಾರಿನವರೆಗೂ ಪಟಪಟ ಅಂತ ಹೇಳುತ್ತಾರೆ. ಹೆಂಗಸರ ಹೆಸರು ಅಜ್ಜಿಯ ಹತ್ತಿರ ಬಂದು ನಿಂತುಬಿಡುತ್ತದೆ. ಅಜ್ಜನ ತಾಯಿ ಯಾರು ಅಂದರೆ, 'ಚಿಕ್ಕ ವಯಸ್ಸಿಗೇ ಗಂಡ ಹೋದನಂತೆ, ಒಬ್ಬಳೇ ಮಗನನ್ನು ಸಾಕಿದಳಂತೆ, ಗಟ್ಟಿಗಿತ್ತಿ' ಅನ್ನುತ್ತಾರೆ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಅಷ್ಟು ಗಟ್ಟಿಗಿತ್ತಿಯ ಹೆಸರನ್ನು ಹೇಗೆ ಮರೆತರು ಅಂತ ನನಗೆ ಬಹಳ ವರ್ಷ ಬೇಜಾರಿತ್ತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು ನಾನು. ಹೊಯ್ಸಳರ ವಂಶಾವಳಿ ಬೋರ್ಡಿನ ಮೇಲೆ ಬರೆಯುವಾಗೆಲ್ಲ ಈ ಖಾಲಿ ಜಾಗ ನೆನಪಾಗುತ್ತಿತ್ತು. ನಿವೃತ್ತಿಯಾದ ಮೇಲೆ ಹುಡುಕಲು ಕೂತೆ.

ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಹೆಸರು, ಸರ್ವೆ ನಂಬರು, ಮನೆಯವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೊಲ ಇನ್ನೂ ಪೂರ್ತಿ ಭಾಗವಾಗಿಲ್ಲ, ಮನೆಯವರು ಬೇಡ ಅಂದಿದ್ದಾರೆ.

ಹಳೇ ಮೈಸೂರಿನ ಕಡೆ ಹಿರಿಯರನ್ನು ಹುಡುಕುವವರಿಗೆ ಮೊದಲ ತೊಡಕು ಹೆಸರೇ. ನಮ್ಮಲ್ಲಿ ಬಹಳ ಮನೆಗಳಿಗೆ ಮನೆತನದ ಹೆಸರು ಬರವಣಿಗೆಯಲ್ಲಿ ಇಲ್ಲ. ದಾಖಲೆಯಲ್ಲಿ ಇರುವುದು ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ ಇಂಥವನು, ಅಷ್ಟೇ. ಮೊಮ್ಮಗನಿಗೆ ತಾತನ ಹೆಸರು ಇಡುವುದರಿಂದ ಅದೇ ಎರಡು ಹೆಸರು ಹಿಂದೆ ಮುಂದೆ ಆಗುತ್ತಾ ಬರುತ್ತವೆ. ನೂರು ವರ್ಷದ ಅಂತರದಲ್ಲಿ ಒಂದೇ ಹೆಸರಿನ, ಒಂದೇ ತಂದೆ ಹೆಸರಿನ ಇಬ್ಬರು ಸಿಗುತ್ತಾರೆ. ಹೆಸರಿನ ಹಿಂದೆ ಹೋದರೆ ಕಳೆದುಹೋಗುವುದು ಖಂಡಿತ.

ಅದಕ್ಕೇ ನಾನು ಹೊಲದ ಹಿಂದೆ ಹೋದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯಕ್ಕಾಗಿ ಸರ್ವೆ ಶುರುವಾಗಿದ್ದು 1863ರಲ್ಲಿ. ಮುಂಬೈ ಪ್ರಾಂತ್ಯದ ಪದ್ಧತಿಯನ್ನೇ ಇಲ್ಲಿಗೂ ತಂದರು. ಪ್ರತಿ ಹೊಲಕ್ಕೂ ಒಂದು ನಂಬರು ಬಿತ್ತು, ಎಕರೆ ಗುಂಟೆ ಲೆಕ್ಕ ಬಂತು. ಜನ ಹುಟ್ಟುತ್ತಾರೆ, ಸಾಯುತ್ತಾರೆ, ಆ ನಂಬರು ಹಾಗೇ ಇರುತ್ತದೆ. ಭಾಗವಾದರೆ ಪಕ್ಕಕ್ಕೆ ಒಂದು ಹಿಸ್ಸಾ ನಂಬರು ಸೇರುತ್ತದೆ. ಹಾಗಾಗಿ ಇವತ್ತಿನ ಪಹಣಿ ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆಯುವುದೇ ದಾರಿ. ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ, ಅದಕ್ಕೂ ಮುಂಚಿನ ಕೈಬರಹದ ಪಹಣಿ, ಖಾತೆ ಬದಲಾವಣೆ ಬರೆಯುವ ಮ್ಯುಟೇಷನ್ ಪುಸ್ತಕ, ಹೊಲಗಳ ಮತ್ತು ಹಕ್ಕುಗಳ ಸೂಚಿಯಾದ ಐ.ಎಲ್.ಆರ್.ಆರ್., ವಿಸ್ತೀರ್ಣ ಮತ್ತು ಕಂದಾಯ ಹೇಳುವ ಆಕಾರ್‌ಬಂದ್, ಸರ್ವೆಯವರ ಅಳತೆಯ ಟಿಪ್ಪಣಿ, ಹಳೇ ಖಾತೆ ವಹಿ. ಎಲ್ಲ ಊರಿಗೂ ಎಲ್ಲವೂ ಸಿಗುವುದಿಲ್ಲ. ಕೆಲವು ಹರಿದಿರುತ್ತವೆ, ಕೆಲವಕ್ಕೆ ಗೆದ್ದಲು ಹತ್ತಿರುತ್ತದೆ. ಕಂದಾಯ ಇಲಾಖೆ ಈಗ ಭೂ ಸುರಕ್ಷಾ ಅಂತ ಹೇಳಿ ತಾಲ್ಲೂಕು ಕಚೇರಿಗಳ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ನನ್ನ ಮಟ್ಟಿಗೆ ಇದು ದೊಡ್ಡ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ದಾಖಲೆ ಕೇಳುವವರನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ಅದರಲ್ಲೂ ಮದುವೆಯಾಗಿ ಹೋದ ಮಗಳು ಕೇಳಿದರೆ ಇನ್ನೂ ಜಾಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ, ಅಲ್ವಾ. 'ಭಾಗ ಕೇಳೋಕೆ ಬಂದಿದ್ದಾಳೆ' ಅಂತ ದಾಯಾದಿಗಳು ಮಾತಾಡಿಕೊಂಡರು. ನಾನು ಒಬ್ಬೊಬ್ಬರ ಮನೆಗೂ ಹೋಗಿ, ನನಗೆ ಬೇಕಿರುವುದು ಮುತ್ತಜ್ಜಿಯ ಹೆಸರು ಅಂತ ಹೇಳಿದೆ. ಹಾಗೆ ಹೇಳಿದ ಮೇಲೆ ಒಬ್ಬ ದೊಡ್ಡಪ್ಪನ ಮನೆಯಲ್ಲಿ ಅಟ್ಟದ ಮೇಲಿದ್ದ ಕಾಗದದ ಗಂಟು ಇಳಿಸಿಕೊಟ್ಟರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಂದಾಯದ ಪುಸ್ತಕಗಳನ್ನು ನಮ್ಮ ವಂಶ ಗೊತ್ತಾಗಲಿ ಅಂತ ಯಾರೂ ಬರೆದಿಲ್ಲ. ಹಣ ಯಾರಿಂದ ವಸೂಲಾಗಬೇಕು ಅನ್ನುವುದಕ್ಕೆ ಬರೆದದ್ದು. ಗಂಡ ಬದುಕಿದ್ದು ಕಂದಾಯ ಕಟ್ಟುತ್ತಿದ್ದರೆ ಹೆಂಡತಿಯ ಹೆಸರು ಬರೆಯುವ ಅಗತ್ಯವೇ ಇಲ್ಲ. ಅವಳ ಹೆಸರು ಬರುವುದು ಏನೋ ಒಂದು ಮುರಿದುಬಿದ್ದಾಗ. ಗಂಡ ಸತ್ತಾಗ, ಮಗ ಚಿಕ್ಕವನಾಗಿದ್ದಾಗ, ಹೊಲ ಅಡವಿಟ್ಟಾಗ, ಅಣ್ಣತಮ್ಮಂದಿರು ಬೇರೆಯಾಗಿ ಯಾವುದೋ ಹೆಂಗಸಿಗೆ ಜೀವನಾಂಶ ಕೊಡಬೇಕಾದಾಗ. ನಿಮ್ಮ ಅಜ್ಜಿ, ಮುತ್ತಜ್ಜಿಯರನ್ನು ಹುಡುಕುತ್ತಿದ್ದರೆ ಇಂಥ ಪುಟಗಳನ್ನು ಮೊದಲು ತೆಗೆಸಿ. ನನಗೆ ಇದು ಹೊಳೆಯಲು ತುಂಬಾ ಕಾಲ ಹಿಡಿಯಿತು. ಹೊಳೆದ ಮೇಲೆ ಕೆಲಸ ಬೇಗ ಸಾಗಿತು.

ಇದರಲ್ಲಿ ಎಲ್ಲಕ್ಕಿಂತ ಉಪಯೋಗವಾಗುವುದು ಪೌತಿ ಖಾತೆ. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಸತ್ತವರು ಯಾರು, ಯಾರಿಗೆ ಹೋಯಿತು, ಅವರಿಗೂ ಇವರಿಗೂ ಸಂಬಂಧ ಏನು, ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಅಜ್ಜ ಹುಟ್ಟಿದ್ದು 1908ರ ಆಸುಪಾಸು ಅಂತ ಅವರ ಶಾಲೆಯ ದಾಖಲಾತಿ ಪುಸ್ತಕದಿಂದ ಗೊತ್ತಾಗಿತ್ತು. ಅಪ್ಪ ಸತ್ತಾಗ ಅಜ್ಜ ದನ ಕಾಯುವ ಹುಡುಗ ಅಂತ ಮನೆಯ ಮಾತು. ಆ ಸಾವಿಗೆ ಮನೆಯಲ್ಲಿ 'ಜ್ವರ ಬಂದ ವರ್ಷ' ಅನ್ನುತ್ತಿದ್ದರು. ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಗಿದ್ದು 1918ರಲ್ಲಿ. ಅದರ ಮುಂದಿನ ವರ್ಷದ ಖಾತೆ ಬದಲಾವಣೆಯ ಪುಟಗಳನ್ನೇ ಕೇಳಿದೆ.

ಆ ಪುಟಗಳನ್ನು ಓದುವುದು ಸುಲಭವಲ್ಲ. ಅಕ್ಷರ ಕಷ್ಟ ಅಂತ ಮಾತ್ರ ಅಲ್ಲ. ಸಾಲಾಗಿ ಪೌತಿ, ಪೌತಿ, ಪೌತಿ. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ. ಒಂದು ಮನೆಯಲ್ಲಿ ಅಣ್ಣನ ಖಾತೆ ತಮ್ಮನಿಗೆ ಹೋಗಿದೆ, ಮುಂದಿನ ಪುಟದಲ್ಲಿ ಆ ತಮ್ಮನದೂ ಪೌತಿ. ಪಾಠ ಮಾಡುವಾಗ 1918ರ ಜ್ವರ ಅಂತ ಎಷ್ಟೋ ಸಲ ಹೇಳಿದ್ದೆ. ಅದು ನಮ್ಮೂರ ಬೀದಿಯಲ್ಲಿ ಮನೆಯಿಂದ ಮನೆಗೆ ಹೇಗೆ ನಡೆದುಹೋಯಿತು ಅಂತ ನೋಡಿದ್ದು ಆವತ್ತೇ. ಮುತ್ತಜ್ಜನ ಸಾಲು ಸಿಕ್ಕಿತು. ಖಾತೆ ಅಜ್ಜನ ಹೆಸರಿಗೆ ಬಂದಿದೆ. ಅದರ ಕೆಳಗೆ ಸಣ್ಣಗೆ 'ಮೈನರ್, ಗಾರ್ಡಿಯನ್ ತಾಯಿ' ಅಂತ ಬರೆದು ಒಂದು ಹೆಸರು, ಅದರ ಮುಂದೆ ಕೋಂ, ಅಂದರೆ ಇಂಥವರ ಹೆಂಡತಿ, ಅಂತ ಹಾಕಿ ಮುತ್ತಜ್ಜನ ಹೆಸರು.

ಆ ಹೆಸರನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರಿಗೂ ಇಟ್ಟಿಲ್ಲ. ನಾನು ಅಲ್ಲೇ ಕೂತು ಅತ್ತೆ. ಪಕ್ಕದಲ್ಲಿದ್ದ ಗುಮಾಸ್ತರು ನೀರು ತಂದುಕೊಟ್ಟರು.

ಈಗ ಅಟ್ಟದ ಗಂಟಿನ ವಿಷಯ. ಅದರಲ್ಲಿ ಒಂದು ಭೋಗ್ಯ ಪತ್ರ ಇತ್ತು. ಭೋಗ್ಯ ಅಂದರೆ ಸಾಲ ಕೊಟ್ಟವನು ಹೊಲವನ್ನು ಅನುಭವಿಸುತ್ತಾನೆ, ಬೆಳೆಯೇ ಬಡ್ಡಿ, ಅಸಲು ಕೊಟ್ಟಾಗ ಹೊಲ ಬಿಡುತ್ತಾನೆ. ಮೇಲೆ ತಾರೀಖು ಅಂತ ಇದ್ದದ್ದು 'ಕಾಳಯುಕ್ತಿ ಸಂವತ್ಸರದ ಮಾರ್ಗಶಿರ', ಅಷ್ಟೇ. ಶಕ ವರ್ಷ ಇದ್ದಿದ್ದರೆ 78 ಕೂಡಿಸಿದರೆ ಇಸವಿ ಸಿಗುತ್ತಿತ್ತು. ಸಂವತ್ಸರ ಒಂದೇ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಕಾಳಯುಕ್ತಿ 1858-59ರಲ್ಲೂ ಇತ್ತು, 1918-19ರಲ್ಲೂ ಇತ್ತು. ಯಾವುದು? ಪತ್ರದ ಒಳಗೆ ಹೊಲಕ್ಕೆ ಸರ್ವೆ ನಂಬರು ಇದೆ, ಎಕರೆ ಗುಂಟೆ ಇದೆ. 1858ರಲ್ಲಿ ನಮ್ಮಲ್ಲಿ ಸರ್ವೆಯೇ ಆಗಿರಲಿಲ್ಲ. ಆ ಕಾಲದ ಪತ್ರವಾಗಿದ್ದರೆ ಎಷ್ಟು ಖಂಡುಗ, ಎಷ್ಟು ಕೊಳಗ ಬಿತ್ತುವ ನೆಲ ಅಂತ ಇರುತ್ತಿತ್ತು. ಹಾಗಾಗಿ ಇದು 1918ರ ಡಿಸೆಂಬರ್ ಸುಮಾರಿನದು. ಗಂಡ ಹೋದ ಸ್ವಲ್ಪ ದಿನಕ್ಕೇ ಬರೆದ ಪತ್ರ.

ಇಂಥ ಪತ್ರಗಳನ್ನು ಬೇಸರ ಮಾಡಿಕೊಳ್ಳದೆ ಕೊನೇವರೆಗೂ ಓದಿ. ಮೈನರ್ ಮಗನ ಆಸ್ತಿಯನ್ನು ತಾಯಿ ಸುಮ್ನೆ ಅಡವಿಡುವ ಹಾಗಿರಲಿಲ್ಲ. ಕುಟುಂಬಕ್ಕೆ ನಿಜವಾದ ಅಗತ್ಯ ಇತ್ತು ಅಂತ ತೋರಿಸಬೇಕಿತ್ತು. ಇಲ್ಲವಾದರೆ ಮಗ ದೊಡ್ಡವನಾಗಿ ಕೋರ್ಟಿಗೆ ಹೋದರೆ ಸಾಲ ಕೊಟ್ಟವನಿಗೆ ಕಷ್ಟ. ಅದಕ್ಕೇ ಬರೆಯುವವರು ಕಾರಣವನ್ನು ಬಿಡಿಸಿ ಬರೆಯುತ್ತಿದ್ದರು. ನಮ್ಮ ಪತ್ರದಲ್ಲೂ ಹಾಗೇ ಇದೆ. ಗಂಡನ ಕ್ರಿಯಾಕರ್ಮಕ್ಕೆ ಮಾಡಿದ ಸಾಲ, ಕಟ್ಟಬೇಕಾದ ಕಂದಾಯ, ಒಂದು ಎತ್ತು ಸತ್ತು ಜೋಡಿ ಮುರಿದದ್ದು, ಮಗನ ಹೊಟ್ಟೆಬಟ್ಟೆ. ಕಾನೂನಿಗಾಗಿ ಬರೆದ ಈ ನಾಲ್ಕು ಸಾಲಿನಲ್ಲಿ ಆಕೆಯ ಆ ವರ್ಷ ಪೂರ್ತಿ ಇದೆ. ಕೊನೆಗೆ ಬಿಕಲಂ ಅಂತ ಬರೆದವರ ಹೆಸರು, ಸಾಕ್ಷಿಗಳು, ಎಡಗಡೆ ಆಕೆಯ ಹೆಬ್ಬೆಟ್ಟು. ಗೆರೆಗಳು ಇನ್ನೂ ಸ್ಪಷ್ಟವಾಗಿವೆ.

ಚಕ್ಕುಬಂದಿಯನ್ನಂತೂ ಬಿಡಲೇಬೇಡಿ. ಹೊಲದ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಹಳ್ಳವೋ ಗಾಡಿದಾರಿಯೋ ಅಂತ ಅಲ್ಲಿರುತ್ತದೆ. ಪಕ್ಕದ ಹೊಲ ಬಹಳ ಸಲ ದಾಯಾದಿಗಳದೇ. ನಮ್ಮ ಹೊಲದ ಪಶ್ಚಿಮಕ್ಕಿದ್ದ ಹೆಸರು ಹಿಡಿದು ಹೋದಾಗ ಮುತ್ತಜ್ಜನ ತಂದೆಗೆ ಒಬ್ಬ ಅಣ್ಣ ಇದ್ದದ್ದು ಗೊತ್ತಾಯಿತು. ಆ ಅಣ್ಣನ ಕಡೆಯವರು ಈಗಲೂ ಊರಿನಲ್ಲಿದ್ದಾರೆ. ಹಬ್ಬಕ್ಕೆ ಹೋದಾಗೆಲ್ಲ ನೋಡುತ್ತಿದ್ದೆವು, ನಮ್ಮವರು ಅಂತ ಗೊತ್ತಿರಲಿಲ್ಲ.

ಪತ್ರದ ಹಿಂಬದಿಯಲ್ಲಿ ಹಣ ಸಂದಾಯವಾದ ಶರಾಗಳಿವೆ. ದುಂದುಭಿ ಸಂವತ್ಸರದಲ್ಲಿ, ಅಂದರೆ 1922-23ರಲ್ಲಿ, ಒಂದಷ್ಟು. ಅಕ್ಷಯ ಸಂವತ್ಸರದಲ್ಲಿ, 1926-27ರಲ್ಲಿ, ಚುಕ್ತಾ. ಅಜ್ಜನಿಗೆ ಆಗ ಹದಿನೆಂಟು ಹತ್ತೊಂಬತ್ತು. ಮಗ ಕೈಗೆ ಬರುವ ಹೊತ್ತಿಗೆ ಹೊಲ ಬಿಡಿಸಿಟ್ಟಿದ್ದಾಳೆ. ಹೆಸರು ಮರೆತ ಮನೆ ಇವತ್ತಿಗೂ ಉಣ್ಣುತ್ತಿರುವುದು ಆ ಹೊಲದ ರಾಗಿಯನ್ನೇ. ಇದನ್ನು ನಾನು ದಾಯಾದಿಗಳ ಎದುರಿಗೂ ಹೇಳಿದೆ.

ಹೊಲವೇ ಇಲ್ಲದ ಮನೆಯವರು ಏನು ಮಾಡಬೇಕು ಅಂತ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಪಹಣಿಯ ದಾರಿ ಹೊಲ ಇದ್ದವರಿಗೆ ಮಾತ್ರ. ಆದರೆ ತೋಟಿ, ತಳವಾರ, ನೀರಗಂಟಿ ಅಂತ ಊರಿನ ಕೆಲಸ ಮಾಡಿದ ಮನೆಗಳಿಗೆ ಆ ಕೆಲಸಕ್ಕಾಗಿ ಕೊಟ್ಟ ಇನಾಮು ನೆಲ ಇರುತ್ತಿತ್ತು. 1961ರ ಕಾಯ್ದೆಯಲ್ಲಿ ಈ ವಂಶಪಾರಂಪರ್ಯದ ಹುದ್ದೆಗಳು ರದ್ದಾದಾಗ, ಆ ನೆಲವನ್ನು ಮರುಮಂಜೂರು ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕಾಯಿತು. ಆ ಕಡತಗಳಲ್ಲಿ ವಂಶವೃಕ್ಷ ಇರುವ ಸಾಧ್ಯತೆ ಹೆಚ್ಚು. ಗೇಣಿ ಮಾಡುತ್ತಿದ್ದವರಾದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಹಾಕಿದ ಅರ್ಜಿ, ಭೂನ್ಯಾಯ ಮಂಡಳಿಯ ಮುಂದೆ ಕೊಟ್ಟ ಹೇಳಿಕೆ ಹುಡುಕಿ. 'ನಮ್ಮ ತಾತನ ಕಾಲದಿಂದ ಉಳುತ್ತಿದ್ದೇವೆ' ಅಂತ ಹೇಳಿದ ಮಾತು ಅಲ್ಲಿ ಬರವಣಿಗೆಯಲ್ಲಿ ಉಳಿದಿರುತ್ತದೆ. ಉತ್ತರ ಕರ್ನಾಟಕದವರಾದರೆ ಹೆಳವರು ಬಂದಾಗ ಅವರನ್ನು ಹಾಗೇ ಕಳಿಸಬೇಡಿ. ಎತ್ತಿನ ಮೇಲೆ ಊರೂರು ತಿರುಗಿ ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು ಓದಿ ಹೇಳುವವರು ಅವರು. ಜನಗಣತಿಯ ಮನೆಮನೆ ಪಟ್ಟಿ ಮಾತ್ರ ಸಿಗುವುದಿಲ್ಲ. ಕಾನೂನಿನ ಪ್ರಕಾರ ಅದು ಗುಪ್ತ, ಹೊರಗೆ ಬರುವುದು ಒಟ್ಟು ಲೆಕ್ಕ ಅಷ್ಟೇ.

ಸರ್ವೆಗೂ ಹಿಂದಕ್ಕೆ ಹೋಗಬೇಕು ಅನ್ನುವವರಿಗೆ ಬಿ. ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಿವೆ. ತುಮಕೂರು ಜಿಲ್ಲೆಯ ಶಾಸನಗಳು 12ನೇ ಸಂಪುಟದಲ್ಲಿವೆ. ಊರಿನ ಹೆಸರು ಹಿಡಿದು ಹುಡುಕಬಹುದು. ಆದರೆ ಶಾಸನ ಊರಿನ ಹಿಂದಿನದನ್ನು ಹೇಳುತ್ತದೆ, ನಮ್ಮ ಮನೆಯದನ್ನಲ್ಲ. ಊರ ಮುಂದಿನ ವೀರಗಲ್ಲು ನಮ್ಮ ವಂಶದವರದೇ ಅಂತ ಹೇಳಲು ನಡುವೆ ಒಂದೊಂದು ಕೊಂಡಿಯೂ ಬೇಕು. ಕೊಂಡಿ ಇಲ್ಲದೆ ಹಾಗೆ ಹೇಳಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಸರಪಳಿ ಸರ್ವೆಯ ನಂತರದ ಮೊದಲ ಖಾತೆದಾರನ ಹತ್ತಿರ ನಿಂತಿದೆ. ಅದನ್ನು ನಂಬಬಹುದು.

ಈಗ ಉಳಿದಿರುವುದು ಮುತ್ತಜ್ಜಿಯ ತವರು. ಭೋಗ್ಯ ಪತ್ರಕ್ಕೆ ಸಾಕ್ಷಿ ಹಾಕಿದವರೆಲ್ಲ ನಮ್ಮೂರಿನವರೇ, ಒಬ್ಬರನ್ನು ಬಿಟ್ಟು. ಆ ಒಬ್ಬರ ಹೆಸರಿನ ಮುಂದೆ ಪಾವಗಡ ತಾಲ್ಲೂಕಿನ ಒಂದು ಊರು ಇದೆ. ಊರಿನವರೆಲ್ಲ ಜ್ವರಕ್ಕೆ ಹೆದರಿ ಮನೆ ಸೇರಿದ್ದ ಆ ದಿನಗಳಲ್ಲಿ ಅಷ್ಟು ದೂರದಿಂದ ಬಂದು ವಿಧವೆಯ ಪಕ್ಕ ಕೂತು ಸಾಕ್ಷಿ ಹಾಕಿದವರು ಅಣ್ಣನೋ ತಮ್ಮನೋ ಆಗಿರಬೇಕು ಅಂತ ನನ್ನ ಊಹೆ. ಊಹೆ ಸಾಲದು, ಕಾಗದ ಬೇಕು. ಆ ಊರಿನ ಹಳೇ ಖಾತೆ ವಹಿಯ ನಕಲಿಗೆ ಅರ್ಜಿ ಹಾಕಿದ್ದೇನೆ. ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಪ್ರಕಾರ ಇರುವ ಸೂಚಿಯನ್ನೂ ನೋಡಬೇಕು. ಅಲ್ಲಿ ಆ ಸಾಕ್ಷಿಯ ಹೆಸರಿನಲ್ಲಿ ಭಾಗಪತ್ರವೋ ದಾನಪತ್ರವೋ ಸಿಕ್ಕರೆ ತಂದೆಯ ಹೆಸರೂ ಸಿಗುತ್ತದೆ. ಪಾವಗಡ ಆಂಧ್ರದ ಗಡಿ, ಮನೆಗಳಲ್ಲಿ ಉಳಿದ ಕಾಗದ ತೆಲುಗಿನಲ್ಲಿದ್ದರೂ ಇರಬಹುದು. ಅದಕ್ಕಾಗಿ ತೆಲುಗು ಅಕ್ಷರ ಕಲಿಯುತ್ತಿದ್ದೇನೆ. ಅಚ್ಚಿನ ಅಕ್ಷರ ಓದಲು ಬರುತ್ತದೆ, ಕೈಬರಹಕ್ಕೆ ಇನ್ನೂ ಸ್ವಲ್ಪ ಸಮಯ ಬೇಕು.