“ಹೆಣ್ಣು ಎಂದರೆ ಯಾರು, ಹೇಳಿ ಮೇಡಂ”

ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇದೆ. ಜಾತಿ, ಆದಾಯ, ಪಹಣಿ, ಪಿಂಚಣಿ, ದಿನವಿಡೀ ಇವೇ ಕಾಗದಗಳು. 2023ರ ಏಪ್ರಿಲ್‌ನ ಒಂದು ಮಧ್ಯಾಹ್ನ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರು ಗುರುತಿನ ಚೀಟಿಗೆ ಅರ್ಜಿ ಹಾಕಿಸಲು ಬಂದರು. ಆಧಾರ್‌ನಲ್ಲಿ ಅವರದು ಇನ್ನೂ ಗಂಡಿನ ಹೆಸರು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ಮರುವರ್ಷ ಬಂದ ನಿಯಮಗಳ ಪ್ರಕಾರ, ತಾನು ಯಾರೆಂದು ಅರ್ಜಿದಾರರೇ ಘೋಷಿಸಿದ ಅಫಿಡವಿಟ್ ಇಟ್ಟು ಜಿಲ್ಲಾಧಿಕಾರಿಗೆ ಸಲ್ಲಿಸಬೇಕಿತ್ತು. ವೈದ್ಯಕೀಯ ಪರೀಕ್ಷೆ ಬೇಕಿರಲಿಲ್ಲ.

ಅಫಿಡವಿಟ್ ಸ್ಕ್ಯಾನ್ ಮಾಡುತ್ತಿದ್ದಾಗ, ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಿದ್ದವರೊಬ್ಬರು ಬಾಯಿ ಹಾಕಿದರು.

“ಮೇಡಂ, ನೀವು ಓದಿದವರು. ಹೆಣ್ಣು ಎಂದರೆ ಯಾರು? ಒಂದೇ ಮಾತಿನಲ್ಲಿ ಹೇಳಿ.”

ಕೇಳಿದ್ದು ನನ್ನನ್ನು. ಕಣ್ಣು ಮಾತ್ರ ಆಕೆಯ ಮೇಲೆ, ದನಿ ಅಂಗಡಿಯಲ್ಲಿದ್ದ ಉಳಿದವರಿಗೆ. “ನೀವೇ ಹೇಳಿ” ಎಂದೆ.

“ಹೆರುವವಳು.”

“ಮಕ್ಕಳಾಗದವರು?”

“ಅದು ಬೇರೆ ಮಾತು. ಕ್ರೋಮೋಸೋಮ್ ನೋಡಬೇಕು.”

ಓಟಗಾರ್ತಿ ಶಾಂತಿ ಸೌಂದರರಾಜನ್ ಅವರ ವಿಷಯ ಹೇಳಿದೆ. ತಮಿಳುನಾಡಿನ ಹಳ್ಳಿಯಲ್ಲಿ ಹೆಣ್ಣುಮಗುವಾಗಿಯೇ ಬೆಳೆದವರು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಟದ ಬೆಳ್ಳಿ ಗೆದ್ದರು, ಲಿಂಗ ಪರೀಕ್ಷೆಯ ಹೆಸರಿನಲ್ಲಿ ಅದನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಅವರನ್ನು ಯಾವ ಸಾಲಿಗೆ ಸೇರಿಸುತ್ತೀರಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಸಾರ್ವಜನಿಕ ಶೌಚಾಲಯದ ಮಾತು ಬಂತು, ಅದರ ಬೆನ್ನಿಗೇ 2021ರಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ನೇಮಕಾತಿಯಲ್ಲಿ ಕೊಟ್ಟ ಶೇ 1ರ ಮೀಸಲಾತಿಯ ಮಾತು.

ತಿಳಿಯಬೇಕೆಂದು ಕೇಳುವವರು ಉತ್ತರ ಸಿಕ್ಕಾಗ ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ಇವರಿಗೆ ನಿಲ್ಲುವ ಮನಸ್ಸೇ ಇರಲಿಲ್ಲ. ಅಷ್ಟು ಹೊತ್ತೂ ಆಕೆ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡು, ತನ್ನೆದುರೇ ತನ್ನ ಮೇಲೆ ನಡೆಯುತ್ತಿದ್ದ ಪಂಚಾಯಿತಿಯನ್ನು ಕೇಳುತ್ತ ನಿಂತಿದ್ದರು. ನನಗೆ ಹೊಟ್ಟೆ ಉರಿಯಿತು.

“ಅಣ್ಣಾ, ನಿಮ್ಮ ಮಾತನ್ನೇ ಒಪ್ಪಿದೆ ಎಂದಿಟ್ಟುಕೊಳ್ಳಿ. ಈಗ ಇವರ ಅರ್ಜಿ ಹಾಕಲೋ, ಹರಿದುಹಾಕಲೋ? ಅದನ್ನು ಹೇಳಿ.”

“ನಾನೆಲ್ಲಿ ಹರಿಯಿರಿ ಎಂದೆ? ಸುಮ್ಮನೆ ಚರ್ಚೆ.”

“ಹಾಗಾದರೆ ಸರದಿ ಇವರದು. ಕುಳಿತುಕೊಳ್ಳಿ.”

ಕುಳಿತರು. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಮೆಲ್ಲಗೆ ಕೇಳಿದ: “ಅಕ್ಕಾ, ಇವರನ್ನು ಏನೆಂದು ಕರೆಯಬೇಕು?” ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಅವರನ್ನೇ ಕೇಳು” ಎಂದೆ. ಕೇಳಿದ. “ಅಕ್ಕಾ ಅನ್ನಪ್ಪ, ಸಾಕು” ಎಂದರು. ಇಂಥವನಿಗೆ ಎಷ್ಟು ಹೊತ್ತು ಬೇಕಾದರೂ ಹೇಳಬಹುದು. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದದ್ದು, ಎಲ್ಲವನ್ನೂ ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತ ವಿವರಿಸಿದೆ. ಅವನು ಮೇಲಿಂದ ಮೇಲೆ ಕೇಳಿದ, ನಾನು ಹೇಳಿದೆ.

ಅರ್ಜಿ ಸಲ್ಲಿಸುವ ಮುನ್ನ ಪರದೆಯನ್ನು ಆಕೆಯ ಕಡೆ ತಿರುಗಿಸಿದ್ದೆ. ಹೊಸ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು ‘ಎ’ ಬೇಕು ಎಂದರು. ಸೇರಿಸಿದೆ. ಅರ್ಜಿ ಸಂಖ್ಯೆಯ ಪ್ರತಿಯನ್ನು ಅವರ ಕೈಗಿಟ್ಟು, ಆದಾಯ ಪ್ರಮಾಣಪತ್ರದವರನ್ನು ಕರೆದೆ.